ಕತ್ತರಿ ಮಾಮನ ಗುಮಾನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾನೂನಿನ ಕೈಗೆ ಸಿಕ್ಕ ಹುಡುಗರನ್ನು ಇರಿಸುವ ಬಾಲಮಂದಿರದ ಗೇಟಿನಲ್ಲಿ ಕಾವಲುಗಾರ ಕ್ಷೌರಿಕರ ಚೀಲವನ್ನು ತಲೆಕೆಳಗು ಮಾಡಿ ನೋಡುತ್ತಾನೆ. ಕತ್ತರಿ, ಬಾಚಣಿಗೆ, ಮಿಷನ್ನು, ಪೌಡರ್ ಡಬ್ಬಿ. ಡಬ್ಬಿಯನ್ನೂ ಮೂಸುತ್ತಾನೆ. ಅಷ್ಟೂ ಹೊತ್ತು ಕ್ಷೌರಿಕರು ಅವನ ಮುಖವನ್ನೇ ಓದುತ್ತಾರೆ. ಅವರಿಗೂ ಇವನ ಮೇಲೆ ಗುಮಾನಿ.

ಹೋದ ತಿಂಗಳು ಇಲ್ಲಿಂದ ಹೊರಟ ಹುಡುಗನೊಬ್ಬ ಬಸ್ ನಿಲ್ದಾಣ ಮುಟ್ಟುವ ಮೊದಲೇ ಎದುರು ಗುಂಪಿನವರು ಅವನ ಭುಜಕ್ಕೆ ಚಾಕು ಹಾಕಿದರು. ಜೀವ ಉಳಿದದ್ದೇ ಪುಣ್ಯ. ಬಿಡುಗಡೆಯ ಸುದ್ದಿ ಹೊರಗಿನವರಿಗೆ ಗುಟ್ಟಾಗಿತ್ತು. ಹಾಗಾದರೆ ಬಾಯಿಬಿಟ್ಟವರು ಯಾರು? ಕಾವಲುಗಾರನೋ, ಅಡುಗೆಯಾಕೆಯೋ, ಇಲ್ಲಿನ ಮೇಲಧಿಕಾರಿ ಸಾಹೇಬರ ಡ್ರೈವರೋ? ಕ್ಷೌರಿಕರು ಮೂವರ ಮೇಲೂ ಕಣ್ಣಿಟ್ಟಿದ್ದಾರೆ. ಆ ಮೂವರೂ ಇವರ ಮೇಲೆ ಕಣ್ಣಿಟ್ಟಿದ್ದಾರೆ, ಅದು ಬೇರೆ ಮಾತು.

ಹುಡುಗರ ಬಾಯಲ್ಲಿ ಇವರು ‘ಕತ್ತರಿ ಮಾಮ’. ಎಲ್ಲರ ತಲೆಯನ್ನೂ ನುಣ್ಣಗೆ ಬೋಳಿಸಬೇಕೆಂಬುದು ಇಲ್ಲಿನ ನಿಯಮ. ಇವರ ಅಕ್ಕನ ಮಗನೂ ಒಂದು ಕಾಲಕ್ಕೆ ಹೀಗೇ ಬೋಳುತಲೆಯಲ್ಲಿ ಹೊರಬಂದಿದ್ದ. ಕೆಲಸ ಕೇಳಲು ಹೋದಲ್ಲೆಲ್ಲ ಮಾತಿಗೆ ಮೊದಲು ತಲೆ ನೋಡಿ ಬಾಗಿಲು ತೋರಿಸಿದರು. ಆ ಸಂಕಟ ಮಾಮನ ಎದೆಯಿಂದ ಇಳಿದಿಲ್ಲ. ಅಂದಿನಿಂದ, ಬಿಡುಗಡೆ ಹತ್ತಿರ ಬಂದವರ ಕೂದಲಿಗೆ ಅವರು ಕೈ ಹಚ್ಚುವುದಿಲ್ಲ. “ಹೊರಗೆ ಹೋದೋನು ಹತ್ತು ಜನರ ಥರ ಕಾಣ್ಬೇಕು, ಅಷ್ಟೇ,” ಎನ್ನುತ್ತಾರೆ.

ಇಂದು ಸಾಲಿನಲ್ಲಿ ‘ಕುಳ್ಳ’ ಇದ್ದಾನೆ. ಚಾಕು ತಿಂದವನ ಬೀದಿಯವನೇ, ಮುಂದಿನ ತಿಂಗಳು ಮನೆಗೆ ಹೋಗುವವನು. ಮಾಮ ಅವನಿಗೆ ಎದ್ದು ಹೋಗೆಂದು ಸನ್ನೆ ಮಾಡುತ್ತಾರೆ. ಅವನು ಕುರ್ಚಿ ಬಿಟ್ಟು ಏಳುವುದಿಲ್ಲ.

“ನಂಗೂ ಬೋಳಿಸಿಬಿಡು ಮಾಮ. ನೀನು ಕೂದಲು ಬಿಟ್ರೆ ಇವನು ಹೋಗೋನು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಭೇಟಿಗೆ ಬರೋ ಎದುರು ಗುಂಪಿನ ಕಡೆಯೋರೂ ನೋಡ್ಕೊಂಡು ಹೋಗ್ತಾರೆ. ಚಾಕು ತಿಂದೋನಿಗೂ ಹಾಗೇ ಆಗಿದ್ದು.”

ಲೋಕವನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನ ಕೈಯನ್ನು ಮಾತ್ರ ನಂಬಿದ್ದರು. ಅವರು ಮಿಷನ್ನು ಚೀಲಕ್ಕೆ ತುರುಕಿ ನೇರ ಸಾಹೇಬರ ಕೋಣೆಗೆ ನಡೆಯುತ್ತಾರೆ. ಮಿಷನ್ನು ಕೆಟ್ಟಿದೆ, ಒಂದು ತಿಂಗಳು ಯಾರಿಗೂ ಕ್ಷೌರವಿಲ್ಲ ಎಂದು ಒಂದು ಸುಳ್ಳು ಬಿಡುತ್ತಾರೆ. ಸಾಹೇಬರು ಅದನ್ನು ಇಸಿದುಕೊಂಡು ಗುಂಡಿ ಒತ್ತುತ್ತಾರೆ. ಮಿಷನ್ನು ಗುರ್ರೆನ್ನುತ್ತದೆ.

“ಇದರಲ್ಲಿ ನಿಮಗೇನು ಲಾಭ?” ಎಂದು ಸಾಹೇಬರು ಕಣ್ಣು ಕಿರಿದು ಮಾಡುತ್ತಾರೆ.

“ಲಾಭ ಏನಿಲ್ಲ ಸಾರ್. ಚಾಕು ಹಾಕಿದೋರಿಗೆ ಆಳು ತೋರಿಸಿಕೊಟ್ಟಿದ್ದು ನಾನೇ.”

ಎಲ್ಲವನ್ನೂ ಕೇಳಿದ ಸಾಹೇಬರು ಹೇನಾದರೆ ನೀವೇ ಹೊಣೆ ಎಂದು ಗೊಣಗುತ್ತಾ ಒಪ್ಪುತ್ತಾರೆ.

ತಿಂಗಳು ಕಳೆದಿದೆ. ಒಳಗಿರುವ ಎಲ್ಲರ ತಲೆಯಲ್ಲೂ ಈಗ ಬಾಚಣಿಗೆಗೆ ಸಿಗುವಷ್ಟು ಕೂದಲು; ಹೋಗುವವನು ಯಾರೆಂದು ತಲೆ ನೋಡಿ ಹೇಳಲಾಗದು. ಕುಳ್ಳ ಚಿಕ್ಕಮ್ಮನ ಜೊತೆ ಗೇಟು ದಾಟುತ್ತಾನೆ. ಮಾಮ ಊರೊಳಗಿನ ತಮ್ಮ ಕ್ಷೌರದಂಗಡಿಗೆ ಬೀಗ ಹಾಕಿ ಬಂದು ತಿರುವು, ಚಹಾದಂಗಡಿ, ನಿಲ್ದಾಣ ಎಲ್ಲವನ್ನೂ ಮೊದಲೇ ಸುತ್ತಿ ನೋಡಿದ್ದಾರೆ. ಯಾರೂ ಇಲ್ಲ. ಅದನ್ನೂ ಅವರು ನಂಬುವುದಿಲ್ಲ. ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಕುಳ್ಳ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೇ ಅವರ ಉಸಿರು ಸಡಿಲವಾಗುವುದು.

ಈ ಬರಹದ ಜೊತೆ ಪತ್ರಿಕೆಗೆ ಹಾಕಲು ಹುಡುಗರೊಂದಿಗೆ ಅವರದೊಂದು ಫೋಟೊ ಕೇಳಿದರೆ ಬೇಡವೆಂದು ಕೈಯಾಡಿಸುತ್ತಾರೆ.

“ಇದು ನಾನು ಕೂದಲು ಕತ್ತರಿಸಿದ ತಲೆ ಅಂತ ಯಾರೂ ಗುರುತು ಹಿಡೀಬಾರದು. ಗುರುತು ಸಿಗ್ಲಿಲ್ಲ ಅಂದ್ರೆ ನನ್ನ ಕೆಲಸ ಚೆನ್ನಾಗಾಗಿದೆ ಅಂತ ತಿಳ್ಕೊಳ್ಳಿ.”