ತೃಷಾಳಿಗೆ ಬಾರದ ಜ್ವರ

ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಟೈಲ್ಸ್ ಅಂಗಡಿಯಲ್ಲಿ ಬಿಲ್ ಮಾಡುವ ಹರಿಣಾಕ್ಷಿ ಜಗಳಗಂಟಿಯಲ್ಲ. ಗಿರಾಕಿ ಗದರಿದರೂ ನಕ್ಕು ಕಳಿಸುವವಳು. ಕಾಪುವಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ವಿನಯ್‌ಗೆ ಸಲಾಲಾ ಬಂದರಿಗೆ ವರ್ಗವಾದ ಮೇಲೆ ಮಗಳು ತೃಷಾಳೊಡನೆ ಒಬ್ಬಳೇ ಸಂಸಾರ ತೂಗಿಸುತ್ತಿದ್ದಳು. ಆದರೆ ಒಂಟಿ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಎದುರು ಫ್ಲ್ಯಾಟಿನಲ್ಲಿ ಶಿರ್ವದ ವಿಲ್ಮಾ ಟೀಚರ್ ಇದ್ದರು. ತೃಷಾಳ ಕ್ಲಾಸ್ ಟೀಚರೂ ಅವರೇ. ಹರಿಣಾಕ್ಷಿ ಬರುವುದು ತಡವಾದರೆ ತೃಷಾಳ ಊಟ ಅವರ ಮನೆಯಲ್ಲೇ.

ಐದನೇ ಕ್ಲಾಸಿನ ತೃಷಾ ಮಾತಿಗೆ ಕೂತರೆ ನಿಲ್ಲಿಸುವವಳಲ್ಲ. ಪುಸ್ತಕ ತೆರೆದರೆ ಮಾತ್ರ ಒಂದೊಂದು ಸಾಲಿಗೂ ತಡವರಿಸುತ್ತಿದ್ದಳು. ಆ ವರ್ಷ ಶಾಲೆ ಹೊಸದೊಂದು ಪರೀಕ್ಷೆ ತಂದಿತು. ಹಲವು ಶಾಲೆಗಳ ಮಕ್ಕಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ, ಕೊನೆಗೆ ಬರೆದವರ ಸರಾಸರಿ ಅಂಕ ನೋಡಿ ಶಾಲೆಗಳಿಗೇ ರ‍್ಯಾಂಕು. ಅದರ ತಯಾರಿ ಶುರುವಾದದ್ದೇ ತೃಷಾ ಬೆಳಿಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡತೊಡಗಿದಳು. ಹರಿಣಾಕ್ಷಿ ಧೈರ್ಯ ಮಾಡಿ ಪ್ರಿನ್ಸಿಪಾಲರ ಬಳಿಗೆ ಹೋದಳು.

"ಈ ಪರೀಕ್ಷೆ ನನ್ನ ಮಗಳಿಗೆ ಬೇಡ ಅಂತ ಹೇಳುವ ಹಕ್ಕು ನನಗೆ ಉಂಟಾ ಸರ್?"

ಅಂಥ ನಿಯಮವೇ ಇಲ್ಲ, ಎಲ್ಲರೂ ಬರೆಯಲೇಬೇಕು ಎಂದು ಅವರು ಮಾತು ಮುಗಿಸಿದರು.

ಆ ಸಂಜೆ ವಿಲ್ಮಾ ಟೀಚರೇ ಮನೆಗೆ ಬಂದರು. "ಎಂತಕ್ಕೆ ಅಷ್ಟು ತಲೆಬಿಸಿ ಮಾರಾಯ್ರೆ? ಆ ದಿನ ಜ್ವರ ಅಂತ ಒಂದು ಮೆಸೇಜ್ ಹಾಕಿ. ಉಳಿದದ್ದು ನಾನು ನೋಡಿಕೊಳ್ತೇನೆ. ಯಾರ ಹತ್ರವೂ ಹೇಳುವುದು ಬೇಡ."

ಹರಿಣಾಕ್ಷಿಯ ಕಣ್ಣು ತುಂಬಿ ಬಂತು. ಪರೀಕ್ಷೆಯ ದಿನ ರಜೆ ಹಾಕಿ ಮಗಳನ್ನು ಮತ್ರಾಕ್ಕೆ ಕರೆದೊಯ್ದಳು. ಕಡಲ ದಂಡೆಯಲ್ಲಿ ಇಬ್ಬರೂ ಐಸ್‌ಕ್ರೀಮ್ ತಿಂದರು.

ಡಿಸೆಂಬರಿನಲ್ಲಿ ಶಾಲೆಯ ಗೇಟಿಗೆ ಬ್ಯಾನರ್ ಬಿತ್ತು. ಐದನೇ ಕ್ಲಾಸು ಎಲ್ಲ ಶಾಲೆಗಳಿಗಿಂತ ಮುಂದೆ! ವಿಲ್ಮಾ ಟೀಚರ್ ಸೂಪರ್‌ವೈಸರ್ ಆದರು. ಮೊದಲು ಸ್ವೀಟು ಕೊಂಡುಹೋಗಿ ಕೊಟ್ಟವಳು ಹರಿಣಾಕ್ಷಿಯೇ.

ಪಾಲಕರ ಸಭೆಯ ದಿನ ಇನ್ನೊಬ್ಬ ಹುಡುಗಿಯ ತಾಯಿ ಫಸೀಲಾ ಅವಳನ್ನು ಪಕ್ಕಕ್ಕೆ ಕರೆದಳು. "ನಿಮ್ಮ ಮಗಳಿಗೂ ಆ ದಿನ ಜ್ವರವಾ? ನಮ್ಮ ಆಫಿಯಾಳಿಗೂ. ಟೀಚರೇ ಹೇಳಿಕೊಟ್ಟದ್ದು, ಯಾರಿಗೂ ಹೇಳಬೇಡಿ ಅಂತ."

ವಿಚಾರಿಸಿದರೆ ಇನ್ನೂ ಕೆಲವರಿದ್ದರು. ಎಲ್ಲರೂ ಓದಿನಲ್ಲಿ ಹಿಂದಿದ್ದ ಮಕ್ಕಳು. ಆ ಸಂಜೆಯೇ ಹರಿಣಾಕ್ಷಿ ಎದುರು ಫ್ಲ್ಯಾಟಿನ ಬಾಗಿಲು ತಟ್ಟಿದಳು.

ಕೇಳಿದಾಗ ವಿಲ್ಮಾ ಟೀಚರ್ ಅಲ್ಲಗಳೆಯಲಿಲ್ಲ. "ಬೇಡ ಅಂದದ್ದು ನೀವೇ ಅಲ್ವಾ? ಮಗುವಿಗೂ ಒಳ್ಳೇದಾಯ್ತು, ಶಾಲೆಗೂ ಆಯ್ತು. ಅದರಲ್ಲಿ ತಪ್ಪೆಂತ?"

"ನಾನು ಕೇಳಿದ್ದು ಅವಳ ಸಂಕಟ ನೋಡ್ಲಿಕ್ಕಾಗದೆ, ಟೀಚರ್. ನೀವು..." ಹರಿಣಾಕ್ಷಿ ತಿರುಗಿ ತನ್ನ ಮನೆಗೆ ನಡೆದಳು.

ಫಸೀಲಾಳ ಜೊತೆ ಪ್ರಿನ್ಸಿಪಾಲರಲ್ಲಿಗೆ ಹೋದಳು. ಅವರು ಶಾಂತವಾಗಿಯೇ ಹೇಳಿದರು: "ಜ್ವರ ಅಂತ ತಿಳಿಸಿದವರು ನೀವೇ ಅಲ್ವೇನಮ್ಮಾ?" ಹೌದು, ಸುಳ್ಳು ಹೋದದ್ದು ಅವಳ ಫೋನಿನಿಂದಲೇ. ಸಲಾಲಾಕ್ಕೆ ಫೋನ್ ಮಾಡಿದರೆ ವಿನಯ್, "ಖಲಾಸ್, ಬಿಟ್ಟುಬಿಡು. ಅವಳು ಇನ್ನೂ ಅಲ್ಲೇ ಓದಬೇಕಲ್ಲ" ಎಂದ.

ಮಗಳಿಗೆ ಹೇಗೆ ಹೇಳುವುದೆಂದು ಹರಿಣಾಕ್ಷಿ ತಡವರಿಸುತ್ತಿದ್ದರೆ ತೃಷಾಳೇ ಬಾಯಿಬಿಟ್ಟಳು.

"ನಂಗೆ ಗೊತ್ತುಂಟು ಅಮ್ಮ. ಪ್ರಾಕ್ಟೀಸ್‌ನಲ್ಲಿ ಕಡಿಮೆ ಬಂದವರನ್ನು ಮಿಸ್ ಲಾಸ್ಟ್ ಬೆಂಚಲ್ಲಿ ಕೂರಿಸಿದ್ರು. ಆ ದಿನ ನಮ್ಮ ಬೆಂಚಿನವರು ಯಾರೂ ಬರ್ಲಿಲ್ಲ."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಮಗಾ?"

"ಯು ವರ್ ಸೋ ಹ್ಯಾಪಿ, ಅಮ್ಮ."

ಆವತ್ತು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹರಿಣಾಕ್ಷಿ ಅತ್ತಳು.

ಈಗ ಶಾಲೆ ಬಿಟ್ಟ ಮೇಲೆ ತೃಷಾ ಅಂಗಡಿಗೇ ಬರುತ್ತಾಳೆ. ಕೌಂಟರಿನ ಹಿಂದೆ ಸ್ಟೂಲು ಹಾಕಿ ಕೂತು ಬುತ್ತಿ ಉಣ್ಣುತ್ತಾಳೆ. ಲಿಫ್ಟಿನಲ್ಲಿ ಎದುರಾದರೆ ವಿಲ್ಮಾ ಟೀಚರ್ ಮೊದಲಿನಂತೆಯೇ ಕೇಳುತ್ತಾರೆ, "ಊಟ ಆಯ್ತಾ ಹರಿಣಾಕ್ಷಿ?"

"ಆಯ್ತು" ಎನ್ನುತ್ತಾಳೆ ಹರಿಣಾಕ್ಷಿ, ಮಗಳ ಕೈ ಹಿಡಿದುಕೊಂಡು, ಬಾಗಿಲು ತೆರೆಯುವುದನ್ನೇ ಕಾಯುತ್ತ.