ಎರಡನೆಯ ಹೆಸರಿನ ಜಲಾಂತರ್ಗಾಮಿ

ನನಗೆ ಈಜು ಬಾರದು. ಸ್ಟೇಟನ್ ಐಲ್ಯಾಂಡಿನ ಫೆರಿ ಹತ್ತಿದರೂ ಕಂಬಿ ಬಿಡದೆ ನಿಲ್ಲುವ ಪೈಕಿ ನಾನು. ಆದರೂ ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ನ್ಯೂಯಾರ್ಕಿಗೆ ಹೋಗುವ ರೈಲಿನಲ್ಲಿ ನಾನು ಓದುವುದು ಹಳೆಯ ಜಲಾಂತರ್ಗಾಮಿಗಳ ಚರಿತ್ರೆಯನ್ನೇ. ಹೆದರಿಕೆ ಇರುವ ಕಡೆಗೇ ಕಣ್ಣು ಹೋಗುತ್ತದಲ್ಲ, ಹಾಗೆ. ಹೆಂಡತಿ ನನ್ನನ್ನು ‘ಒಣನೆಲದ ಅಡ್ಮಿರಲ್’ ಎಂದು ಛೇಡಿಸುತ್ತಾಳೆ.

ಓದಿದ್ದರಲ್ಲಿ ಮನಸ್ಸು ಬಿಟ್ಟು ಹೋಗದ್ದು ಫಾರ್ಫಾದೆ ಎಂಬ ಫ್ರೆಂಚ್ ಹಡಗು. ಜಲಾಂತರ್ಗಾಮಿ ಎನ್ನುವುದೇ ಹೊಸತಾಗಿದ್ದ ಕಾಲದ್ದು. ಫಾರ್ಫಾದೆ ಎಂದರೆ ಅವರ ಕಡೆಯ ಕತೆಗಳಲ್ಲಿ ಬರುವ ತುಂಟ ಕುಳ್ಳಭೂತ. ಟುನೀಸಿಯಾದಲ್ಲಿ ಒಂದು ದಿನ ನೀರಿಗಿಳಿಯುವಾಗ ಮೇಲಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದೆ ಅದು ತಳ ಸೇರಿತು. ಒಳಗೆ ಸಿಕ್ಕಿಕೊಂಡವರು ಗೋಡೆ ಬಡಿಯುತ್ತಿದ್ದರಂತೆ. ಹೊರಗಿನವರಿಗೆ ಅದು ಕೇಳುತ್ತಿತ್ತು. ಎತ್ತಲು ನೋಡಿದರು, ಸರಪಳಿ ತಡೆಯಲಿಲ್ಲ. ಆಮೇಲೆ ಬಡಿತವೂ ನಿಂತಿತು. ಆ ಪುಟ ಓದಿದ ದಿನ ದಾರಿಯಲ್ಲಿ ನ್ಯೂವಾರ್ಕ್ ಸ್ಟೇಷನ್ ಬಂದದ್ದೂ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ವಿಚಿತ್ರವಿರುವುದು ಮುಂದೆ. ನೌಕಾಪಡೆಯವರು ಆ ಹಡಗನ್ನೇ ಮೇಲೆತ್ತಿ, ರಿಪೇರಿ ಮಾಡಿಸಿ, ಫೊಲೆ ಎಂದು ಬೇರೆ ಹೆಸರಿಟ್ಟು ಮತ್ತೆ ಕೆಲಸಕ್ಕೆ ಹಚ್ಚಿದರು. ಅದು ಕೆಲವು ವರ್ಷ ದುಡಿದು ನಿವೃತ್ತವಾಯಿತು.

ಇದನ್ನು ಈಗ ಹೇಳುತ್ತಿರುವುದಕ್ಕೆ ಕಾರಣ ನನ್ನ ತಂಗಿ ಶಾಲಿನಿ. ಅವಳ ಮನೆಯೂ ನಮ್ಮಂತೆ ವೆಸ್ಟ್ ವಿಂಡ್ಸರಿನಲ್ಲೇ. ಅವಳ ಮೊದಲ ಮಗಳು ಸಿರಿ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಈ ವಸಂತದಲ್ಲಿ ಎರಡನೆಯ ಮಗಳು ಹುಟ್ಟಿದಳು. ನಾಮಕರಣದ ಹಿಂದಿನ ದಿನದವರೆಗೂ ಹೆಸರು ನಿಶ್ಚಯವಾಗಿರಲಿಲ್ಲ.

“ಅದೇ ಹೆಸರು ಇಡ್ತೀನಿ,” ಎಂದಳು ಶಾಲಿನಿ. “ಆ ಹೆಸರನ್ನ ಮನೇಲಿ ಜೋರಾಗಿ ಕೂಗಿ ಕರೆಯೋ ಚಾನ್ಸೇ ಸಿಗ್ಲಿಲ್ಲ ನಂಗೆ.”

“ಕರೆದಾಗೆಲ್ಲ ನಂಗೆ ಐಸಿಯು ನೆನಪಾಗತ್ತೆ ಶಾಲೂ. ಐ ಕಾಂಟ್,” ಎಂದ ಅವಳ ಗಂಡ ರವಿ.

ಹಾಸನದಿಂದ ಬಾಣಂತನಕ್ಕೆ ಬಂದಿದ್ದ ಅಮ್ಮನದು ಮೂರನೆಯ ದಾರಿ. “ತಿಪ್ಪಮ್ಮ ಅಂತಿಡಿ. ತಿಪ್ಪೆ ಮೇಲೆ ಬಿಸಾಕಿದ ಮಗು ಅಂದ್ಕೊಂಡು ಯಮ ತಿರುಗೀನೂ ನೋಡಲ್ಲ.” ಮಕ್ಕಳು ಉಳಿಯದ ಮನೆಗಳಲ್ಲಿ ಹಾಗೆ ಸಾವಿನ ಕಣ್ಣಿಗೆ ಮಣ್ಣೆರಚುತ್ತಿದ್ದರು. ಆದರೆ ವೆಸ್ಟ್ ವಿಂಡ್ಸರಿನಲ್ಲಿ ತಿಪ್ಪೆಯನ್ನು ಎಲ್ಲಿಂದ ತರುವುದು? ಇರುವುದು ರೀಸೈಕ್ಲಿಂಗ್ ಡಬ್ಬಿ. ಇದನ್ನು ಹೇಳಿದೆ, ಯಾರೂ ನಗಲಿಲ್ಲ.

“ಅಣ್ಣ, ನೀನೇ ಹೇಳು,” ಎಂದಳು ಶಾಲಿನಿ. ಏನು ಹೇಳಬೇಕೋ ತೋಚದೆ ಗೊತ್ತಿದ್ದ ಒಂದೇ ವಿಷಯ ಹೇಳಿದೆ. ಫಾರ್ಫಾದೆ ಮುಳುಗಿದ್ದು, ಎದ್ದದ್ದು, ಹೆಸರು ಬದಲಾದದ್ದು. ಬಡಿತದ ಮಾತನ್ನು ಮಾತ್ರ ನುಂಗಿಕೊಂಡೆ. ಮಗು ಕಳೆದುಕೊಂಡವಳ ಮುಂದೆ ಮುಳುಗಿದ ಹಡಗಿನ ಪುರಾಣ ತೆಗೆಯುವ ಪೆದ್ದ ನಾನೊಬ್ಬನೇ ಇರಬೇಕು. ರವಿ ತಲೆ ತಗ್ಗಿಸಿದ.

ಶಾಲಿನಿ ಮಾತ್ರ ಕೇಳಿದಳು: “ಹೊಸ ಹೆಸರಿಗೆ ಅರ್ಥ ಏನು?”

“ಅದೂ ಒಂದು ತುಂಟ ಭೂತಾನೇ. ಹೆಚ್ಚುಕಮ್ಮಿ ಅದೇ ಅರ್ಥ.”

ಹೇಳುವಾಗಲೇ ನನಗೂ ಹೊಳೆದದ್ದು. ಆ ಹಡಗಿಗೆ ಹಳೆಯ ಹೆಸರಿಡಲು ಅವರಿಗೆ ಧೈರ್ಯ ಬಂದಿರಲಿಕ್ಕಿಲ್ಲ, ಪೂರ್ತಿ ಬಿಟ್ಟುಕೊಡಲೂ ಮನಸ್ಸಾಗಿರಲಿಕ್ಕಿಲ್ಲ. ನೌಕಾಪಡೆಯ ಕಚೇರಿಯಲ್ಲೂ ಯಾರೋ ಒಬ್ಬರು ಹೀಗೆಯೇ ಕೂತು ಸಂಕಟಪಟ್ಟಿರಬಹುದು.

ಮರುದಿನ ತಟ್ಟೆಯಲ್ಲಿ ಅಕ್ಕಿ ಹರಡಿದರು. ಉಂಗುರದಿಂದ ಹೆಸರು ಬರೆಯಬೇಕಾದವನು ತಂದೆ. ರವಿ ಉಂಗುರವನ್ನು ಹೆಂಡತಿಯ ಕೈಗಿಟ್ಟ. ಶಾಲಿನಿ ನಿಧಾನವಾಗಿ ಬರೆದಳು: ಸಂಪದ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿ ಕೇಳಿದರು: “ಸಿರಿ ಅಂದ್ರೂ ಇದೇ ಅಲ್ವೇನೇ? ಅವಳೇ ವಾಪಸ್ ಬಂದ್ಲು ಅಂತಲಾ?”

“ಅಲ್ಲಮ್ಮ,” ಎಂದಳು ಶಾಲಿನಿ, ತೊಟ್ಟಿಲ ಕಡೆ ನೋಡುತ್ತ. “ಇವಳು ಅವಳ ತಂಗಿ.”