ದೊಡ್ಡಾಯಿಯ ಗೊರಟದ ಗಿಡ

ಮೇ ತಿಂಗಳ ಕೊನೆಯಲ್ಲಿ, ಮಳೆ ಇನ್ನೇನು ಬಂತು ಅನ್ನುವಾಗ, ಭಾವಿಕೇರಿಯ ನಮ್ಮ ಮನೆಯ ಮೂಲೆಕೋಣೆಯ ಬಾಗಿಲು ತೆಗೆದರೆ ಬೆಚ್ಚಗಿನ ಹುಲ್ಲಿನ ವಾಸನೆಯೂ ಮಾವಿನ ಹಣ್ಣಿನ ವಾಸನೆಯೂ ಒಟ್ಟಿಗೇ ಬಂದು ಮುಖಕ್ಕೆ ತಾಗುತ್ತವೆ. ಅಂಕೋಲೆಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಿ ಈಶಾಡು ಮಾವನ್ನು ಗಟ್ಟಿ ಕಾಯಾಗಿರುವಾಗಲೇ ಕೊಯ್ದು, ಭತ್ತದ ಹುಲ್ಲಿನೊಳಗೆ ಮುಚ್ಚಿಟ್ಟು, ದಿನಾ ಒಮ್ಮೆ ಮೂಸಿ ನೋಡುತ್ತ ಹಣ್ಣಾಗುವುದನ್ನು ಕಾಯುವುದು ಇಲ್ಲಿ ಮನೆಮನೆಯ ಕೆಲಸ. ಆದರೆ ಆ ವಾಸನೆಗೆ ಎಲ್ಲರಿಗೂ ತಮ್ಮ ಊರು ನೆನಪಾದರೆ, ಊರಲ್ಲೇ ಕೂತ ನನಗೆ ಮುಂಬೈ ನೆನಪಾಗುತ್ತದೆ. ಪರೇಲಿನ ಒಂದು ಹಳೆಯ ಚಾಳು, ಮರದ ಕಟಕಟೆಯ ಉದ್ದನೆಯ ಗ್ಯಾಲರಿ, ಆ ಗ್ಯಾಲರಿಯ ತುದಿಯಲ್ಲಿದ್ದ ಒಂದೇ ಕೋಣೆಯ ನಮ್ಮ ಮನೆ. ಆ ಚಾಳು ಈಗಿಲ್ಲ. ಅದರ ಜಾಗದಲ್ಲಿ ಕತ್ತೆತ್ತಿ ನೋಡಿದರೂ ಮುಗಿಯದ ಗಾಜಿನ ಕಟ್ಟಡ ಎದ್ದಿದೆಯಂತೆ. ನಾನು ನೋಡಲು ಹೋಗಿಲ್ಲ.

ನಾನು ಆ ಮನೆ ಸೇರಿದಾಗ ಊರ ಶಾಲೆಯಲ್ಲಿ ಮೂರನೇ ಇಯತ್ತೆ ಮುಗಿಸಿದ್ದೆ. ನನ್ನ ಆಯಿಯ, ಎಂದರೆ ಅಮ್ಮನ, ಅಕ್ಕನಿಗೆ ಮಕ್ಕಳಿರಲಿಲ್ಲ. ಅವಳನ್ನು ನಾನು ದೊಡ್ಡಾಯಿ ಎನ್ನುತ್ತಿದ್ದೆ. ಒಂದು ಬೇಸಿಗೆಯಲ್ಲಿ ಊರಿಗೆ ಬಂದವಳು ಹಿಂದಿರುಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಇದು ಹೊಸದೇನಲ್ಲ; ಅಕ್ಕತಂಗಿಯರ ನಡುವೆ ಮಕ್ಕಳು ಹೀಗೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಹೊರಡುವಾಗ ಅವಳು ಆಯಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಓದಸೂಕೆ ಕರ್ಕಂಡ್ ಹೋಗ್ತೆ. ಓದು ಮುಗದ್ಮೇಲೆ ನಿನ್ನ ಮಗಳು ನಿಂಗೇ." ಆಯಿ ತಲೆಯಾಡಿಸಿದಳು. ಆಗ ನನಗೆ ಬಸ್ಸಿನ ಕಿಟಕಿಯ ಪಕ್ಕದ ಸೀಟು ಸಿಗುತ್ತದೋ ಇಲ್ಲವೋ ಎಂಬುದೇ ದೊಡ್ಡ ಚಿಂತೆಯಾಗಿತ್ತು.

ಆಯಿ ಕಾಗದ ಬರೆಯುವವಳಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅವಳಿಂದ ಒಂದು ಬುಟ್ಟಿ ಬರುತ್ತಿತ್ತು. ಅಂಕೋಲೆಯಿಂದ ಹೊರಡುವ ಬಸ್ಸಿನಲ್ಲಿ ಯಾರಾದರೂ ಪರಿಚಯದವರ ಕಾಲ ಬಳಿ ಕೂತು, ಹುಲ್ಲು ತುಂಬಿದ, ಹಗ್ಗ ಬಿಗಿದ ಆ ಬುಟ್ಟಿ ಮುಂಬೈ ತಲುಪುತ್ತಿತ್ತು. ಈಶಾಡಿನ ಸಿಪ್ಪೆ ತೀರ ತೆಳು. ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ ಹಣ್ಣೇ ಅಲ್ಲ. ಕಾಯಾಗಿ ಹೊರಟಿದ್ದು ದಾರಿಯಲ್ಲೇ ಹಣ್ಣಾಗಬೇಕು, ಬಂದ ದಿನವೇ ತಿಂದು ಮುಗಿಸಬೇಕು. ಬುದ್ಧಿ ಇದ್ದವರು ಯಾರೂ ಅದನ್ನು ಮುಂಬೈಗೆ ಕಳಿಸುವುದಿಲ್ಲ. ಆಯಿ ಕಳಿಸುತ್ತಿದ್ದಳು. ಗಿರಣಿಯ ಕೆಲಸ ಮುಗಿಸಿ ಬಸ್ ನಿಲ್ದಾಣಕ್ಕೆ ಹೋಗಿ ಕಾಯುತ್ತಿದ್ದ ದೊಡ್ಡಪ್ಪ ಬುಟ್ಟಿಗೆ ಮೂಗು ತಾಗಿಸಿಯೇ ತೀರ್ಪು ಕೊಡುತ್ತಿದ್ದ. ಬಸ್ಸು ತಡವಾದ ವರ್ಷ ಬುಟ್ಟಿಯ ತಳದಿಂದ ರಸ ತೊಟ್ಟಿಕ್ಕಿ ಅವನ ಅಂಗಿಯೆಲ್ಲ ಅಂಟಾಗಿರುತ್ತಿತ್ತು. ಆಗ ದೊಡ್ಡಾಯಿ ಸೆರಗು ಸಿಕ್ಕಿಸಿಕೊಂಡು, ಒಡೆದ ಹಣ್ಣಿಗೆಲ್ಲ ತೆಂಗಿನಕಾಯಿ, ಸಾಸಿವೆ, ಬೆಲ್ಲ ಅರೆದು ಹಾಕಿ ‘ಸಾಸಿವೆ’ ಎಂದೇ ಕರೆಯುವ ಗೊಜ್ಜು ಮಾಡಿ, ಮಾಳಿಗೆಯ ಪ್ರತಿ ಬಾಗಿಲಿಗೂ ಒಂದೊಂದು ಬಟ್ಟಲು ಕಳಿಸುತ್ತಿದ್ದಳು. ಪಕ್ಕದ ಮನೆಯ ರತ್ನಾಗಿರಿಯ ಮುದುಕಿ ಹಾಪೂಸ್ ಬಿಟ್ಟು ಬೇರೆ ಮಾವು ಜಗತ್ತಿನಲ್ಲಿದೆ ಎಂದು ಒಪ್ಪುತ್ತಿರಲಿಲ್ಲ. ಆದರೆ ಬಟ್ಟಲನ್ನು ಮಾತ್ರ ತೊಳೆಯುವ ಅಗತ್ಯವೇ ಇಲ್ಲದ ಹಾಗೆ ಮರಳಿಸುತ್ತಿದ್ದಳು. ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಹಣ್ಣು ಇರುತ್ತಿತ್ತು. ಅದನ್ನು ದೊಡ್ಡಾಯಿ ಬಿಚ್ಚುತ್ತಿರಲಿಲ್ಲ. ಹಾಗೇ ಎತ್ತಿ ನನ್ನ ಕೈಯಲ್ಲಿಟ್ಟು, "ನಿನ್ನ ಆಯಿದು" ಎನ್ನುತ್ತಿದ್ದಳು. ಅಷ್ಟು ಹೊತ್ತು ಮಾತ್ರ ಅವಳ ಮುಖ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು.

ತಿಂದ ಮೇಲೆ ಒಂದು ಗೊರಟವನ್ನು ತೊಳೆದು, ಒಣಗಿಸಿ, ವನಸ್ಪತಿ ತುಪ್ಪದ ತಗಡಿನ ಡಬ್ಬಿಯಲ್ಲಿ ನೆಡುವುದು ಅವಳ ಚಟ. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಆ ಡಬ್ಬಿ ಕೂರುತ್ತಿತ್ತು. ತಾಮ್ರದ ಬಣ್ಣದ ಎಳೆ ಎಲೆ ಬರುತ್ತಿತ್ತು, ಮಳೆಗಾಲ ಪೂರ್ತಿ ನಳನಳಿಸುತ್ತಿತ್ತು, ಆಮೇಲೆ ಬಿಸಿಲಿಗೋ ಚಾಳಿನ ಹುಡುಗರ ಚೆಂಡಿನ ಪೆಟ್ಟಿಗೋ ಸಾಯುತ್ತಿತ್ತು. ದೊಡ್ಡಪ್ಪ ಚೇಷ್ಟೆ ಮಾಡುತ್ತಿದ್ದ: "ನಿಮ್ಮೂರ ಗಾಂವಟಿ ಗಿಡಕ್ಕೆ ಮುಂಬೈ ನೀರು ಹಿಡೂದಿಲ್ವೆ, ಮಾರಾಯ್ತಿ." ದೊಡ್ಡಾಯಿ ನನ್ನ ಕಡೆ ಕೈ ಮಾಡಿ, "ಇದ್ಕೆ ಹಿಡೀಲಿಲ್ವೆ?" ಎನ್ನುತ್ತಿದ್ದಳು. ಹೌದು, ನನಗೆ ಹಿಡಿದಿತ್ತು. ಬೆಳಗಿನ ನಲ್ಲಿಯ ಸಾಲು, ಹಳಿಗಳ ಮೇಲೆ ಲೋಕಲ್ ರೈಲು ಹಾದಾಗ ಪಾತ್ರೆಗಳು ಸಣ್ಣಗೆ ನಡುಗುವುದು, ಮಧ್ಯಾಹ್ನ ಗ್ಯಾಲರಿಯ ಹೆಂಗಸರೆಲ್ಲ ಒಂದೇ ಮೊರದಲ್ಲಿ ಅಕ್ಕಿ ಆರಿಸುತ್ತ ಲೋಕದ ಸುದ್ದಿಯನ್ನೆಲ್ಲ ಆರಿಸುವುದು, ಇವೆಲ್ಲ ನನ್ನವೇ ಆಗಿದ್ದವು. ಕನಸು ಕೂಡ ನನಗೆ ಮರಾಠಿಯಲ್ಲಿ ಬೀಳುತ್ತಿತ್ತು.

ಹಾಗೆ ದಿನ ಹೋಗಿ ಕಾಲೇಜು ಮುಗಿಯಿತು. ಹತ್ತಿರದ ಒಂದು ಶಾಲೆಯವರು ಜೂನ್‌ನಿಂದ ಪಾಠಕ್ಕೆ ಬಾ ಎಂದಿದ್ದರು. ಊರಿನಿಂದ ಅಪ್ಪ ಫೋನ್ ಮಾಡಿ, ಯಾವಾಗ ಹೊರಡುತ್ತೀ ಎಂದು ಕೇಳಿದ್ದ. ಆಯಿ ಏನನ್ನೂ ಕೇಳಿರಲಿಲ್ಲ. ಬುಟ್ಟಿ ಎಂದಿನಂತೆ ಬಂದಿತ್ತು. ನನಗೆ ಊರಿಗೆ ಹೋಗುವ ಆಸೆ ಇರಲಿಲ್ಲ ಎಂದಲ್ಲ. ಸಮುದ್ರ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ನನ್ನನ್ನು ಹೆತ್ತವಳು, ಎಲ್ಲ ಅಲ್ಲಿದ್ದವು. ಆದರೂ ದೊಡ್ಡಾಯಿಯ ಬಾಯಿಂದ ಒಂದು ಮಾತು ಬರಲಿ ಎಂದು ನಾನು ಕಾಯುತ್ತಿದ್ದೆ. ಇರು ಎಂದರೆ ಸಾಕಿತ್ತು. ಹೊರಡುವ ದಿನ ಮಧ್ಯಾಹ್ನ ಅವಳು ನೆಲದ ಮೇಲೆ ಕೂತು ನನ್ನ ಬಟ್ಟೆ ಮಡಚುತ್ತಿದ್ದಳು. ನಾನೇ ಮಾತು ತೆಗೆದೆ. "ಆ ಶಾಲೆಯವ್ರು ಇನ್ನೂ ಕಾಯ್ತಾ ಅವ್ರೆ, ದೊಡ್ಡಾಯಿ." ಅವಳು ಕೈಯಲ್ಲಿದ್ದ ಲಂಗದ ಮಡಿಕೆ ಸರಿಮಾಡುತ್ತ, "ಕಾರವಾರದಲ್ಲೂ ಶಾಲೆ ಅದೆ" ಎಂದಳು. ಆಮೇಲೆ ಎದ್ದು ಗ್ಯಾಲರಿಗೆ ಹೋಗಿ, ಹಿಂದಿನ ವರ್ಷ ನೆಟ್ಟು, ಆ ಸಲ ಹೇಗೋ ಬದುಕಿ ಮೊಣಕಾಲೆತ್ತರ ಬಂದಿದ್ದ ಗಿಡದ ಡಬ್ಬಿಯನ್ನು ತಂದು ನನ್ನ ಪೆಟ್ಟಿಗೆಯ ಪಕ್ಕ ಇಟ್ಟಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಸಾಕಿದವಳು ಇಷ್ಟು ಸಲೀಸಾಗಿ ಕಳಿಸಿಬಿಡುತ್ತಾಳಲ್ಲ ಎನಿಸಿತು. ರೈಲು ಹೊರಟಾಗ ದೊಡ್ಡಪ್ಪ ಕೈ ಬೀಸುತ್ತಿದ್ದ. ಅವಳು ಪ್ಲಾಟ್‌ಫಾರ್ಮಿನ ಚಹಾದಂಗಡಿಯ ಕಡೆ ನೋಡುತ್ತ ನಿಂತಿದ್ದಳು.

ಕಾರವಾರದಲ್ಲಿ ರೈಲು ಇಳಿದಾಗ ಅಪ್ಪ ಬಂದಿದ್ದ. ಅಲ್ಲಿಂದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಿಣಗಾ ಘಟ್ಟ ಇಳಿದು, ಅವರ್ಸಾ ದಾಟುವವರೆಗೂ ಗಿಡದ ಎಲೆ ಕಂಡಕ್ಟರನ ಕೈಗೆ ತಾಗುತ್ತಿತ್ತು. "ಇದು ಹಾಫ್ ಟಿಕೀಟೋ ಫುಲ್ಲೋ?" ಎಂದು ಅವನು ಕೇಳಿದ. ಅಪ್ಪ ನಕ್ಕ. ಮನೆ ತಲುಪಿದ ಮೇಲೆ ಗಿಡವನ್ನು ತಿರುಗಿಸಿ ನೋಡಿ, "ಗೊರಟದ್ದು ಇದು, ಕಸಿ ಅಲ್ಲ. ಈಶಾಡು ಆಗೂದಿಲ್ಲ" ಎಂದ. ಆದರೂ ಬಾವಿಯ ಹತ್ತಿರ ಗುಂಡಿ ತೋಡಿ ನೆಟ್ಟ. ಆಯಿ ನನಗೆ ಮಣೆ ಹಾಕಿ, ಬಾಳೆಲೆ ಹಾಸಿ, ಬಂದ ನೆಂಟರಿಗೆ ಬಡಿಸುವ ಹಾಗೆ ಮೀನಿನ ಒಳ್ಳೆಯ ತುಂಡುಗಳನ್ನೆಲ್ಲ ನನ್ನ ಎಲೆಗೇ ಬಡಿಸಿದಳು. ಅವಳಿಗೂ ನನ್ನ ಹತ್ತಿರ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಮೊದಲ ಮಳೆಗಾಲವಿಡೀ, ಮಳೆ ಬಿಟ್ಟ ರಾತ್ರಿಗಳಲ್ಲಿ, ರೈಲಿನ ಸದ್ದಿಲ್ಲದ ಆ ನಿಶ್ಶಬ್ದಕ್ಕೆ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಕನ್ನಡಕ್ಕೆ ಕೇರಿಯ ಹೆಂಗಸರು ನಕ್ಕರೆ ಅಳು ಬರುತ್ತಿತ್ತು. ಬಂದಿದ್ದಕ್ಕೆ ಸಂತೋಷವೂ ಆಗುತ್ತಿತ್ತು, ಬಂದೆನಲ್ಲ ಎಂದು ಸಂಕಟವೂ ಆಗುತ್ತಿತ್ತು. ಮುಂದೆ ಕಾರವಾರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕೂತು ಆಯಿಯ ಜೊತೆ ಮೀನು ಹೆಚ್ಚುತ್ತ ಹೆಚ್ಚುತ್ತ ಇಬ್ಬರಿಗೂ ನಿಧಾನಕ್ಕೆ ಮಾತು ಬಂತು.

ಅಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡ. ಚಾಳನ್ನು ಕೆಡವುತ್ತಾರೆಂದು ದೊಡ್ಡಾಯಿಗೆ ಹೊಸ ಕಟ್ಟಡ ಏಳುವವರೆಗೆ ದೂರದ ಉಪನಗರದಲ್ಲಿ ತಾತ್ಕಾಲಿಕ ಕೋಣೆ ಕೊಟ್ಟಿದ್ದರು. ಗೊರಟದ ಮರ ಮೊದಲ ಸಲ ಕಾಯಿ ಬಿಟ್ಟ ವರ್ಷ ಅವಳು ಊರಿಗೆ ಬಂದಳು. ಅಪ್ಪ ಹೇಳಿದ್ದು ನಿಜವಾಗಿತ್ತು. ಅದು ಈಶಾಡು ಆಗಿರಲಿಲ್ಲ. ಹಣ್ಣು ಸಣ್ಣದು, ನಾರು ಜಾಸ್ತಿ, ಗೊರಟದ ಹತ್ತಿರ ಚೂರು ಹುಳಿ. ದೊಡ್ಡಾಯಿ ಜಗುಲಿಯಲ್ಲಿ ಕಾಲು ಚಾಚಿ ಕೂತು ಒಂದನ್ನು ಪೂರ್ತಿ ಚೀಪಿದಳು. "ಅಡ್ಡಿಲ್ಲ" ಎಂದಳು. ಗೊರಟವನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಮುಖ ನೋಡದೆ, ನಾನು ಎಂದೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟಳು. "ಆವತ್ತು ನಾ ಇರು ಅಂದಿದ್ರೆ ನೀ ಇರ್ತಿದ್ದೆ. ಅದ್ಕೇ ಅನ್ಲಿಲ್ಲ." ಬಾಗಿಲ ಹತ್ತಿರ ಹಣ್ಣು ಹೆಚ್ಚುತ್ತಿದ್ದ ಆಯಿ ತಟ್ಟೆಯನ್ನು ಮುಂದೆ ಸರಿಸಿದಳು. "ಅಕ್ಕಾ, ಇನ್ನೊಂದು ತಗೋ" ಎಂದಳು.

ದೊಡ್ಡಾಯಿ ಹೊರಟಾಗ ಆ ಮಾತನ್ನು ನಾನು ಹೇಳಿದೆ. ಇರು ದೊಡ್ಡಾಯಿ, ಇಲ್ಲೇ ಇದ್ದುಬಿಡು ಎಂದೆ. ಅವಳು ನಕ್ಕು, "ನಂಗೆ ಇಲ್ಲಿ ನಿದ್ದೆ ಬರೂದಿಲ್ಲ ಮಗಾ, ಒಂಚೂರೂ ಸದ್ದಿಲ್ಲ" ಎಂದು ಹಣ್ಣಿನ ಚೀಲ ಎತ್ತಿಕೊಂಡಳು. ಆ ನಿದ್ದೆಯ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮತ್ತೆ ಒತ್ತಾಯ ಮಾಡಲಿಲ್ಲ. ಹೊಸ ಕಟ್ಟಡ ಮುಗಿಯುವ ಮೊದಲೇ ಅವಳು ತೀರಿಹೋದಳು. ಅಲ್ಲಿ ಅವಳಿಗೆ ಸಿಗಬೇಕಾಗಿದ್ದ ಮನೆ ಎಷ್ಟನೇ ಮಾಳಿಗೆಯದೋ, ಅದಕ್ಕೆ ಗಿಡ ಇಡುವಷ್ಟು ಗ್ಯಾಲರಿ ಇತ್ತೋ ಇಲ್ಲವೋ, ನಮಗ್ಯಾರಿಗೂ ತಿಳಿಯಲಿಲ್ಲ.

ಈ ವರ್ಷವೂ ಮೂಲೆಕೋಣೆಯಲ್ಲಿ ಈಶಾಡಿನದೂ ಗೊರಟದ್ದೂ, ಎರಡೂ ಮರದ ಕಾಯಿಗಳನ್ನು ಹುಲ್ಲಿನಲ್ಲಿಟ್ಟೆವು. ಈಗ ಮುಂಬೈಯಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲ, ಬುಟ್ಟಿ ಎಲ್ಲಿಗೂ ಹೋಗುವುದಿಲ್ಲ. ನಿನ್ನೆ ಬೆಳಿಗ್ಗೆ ವಾಸನೆ ಬಂತೆಂದು ಬಾಗಿಲು ತೆಗೆದೆ. ಆಯಿ ಒಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ದೊಡ್ಡಾಯಿಯ ಗೊರಟದ ಮರದ ಒಂದು ಹಣ್ಣನ್ನು ಆರಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಹುಲ್ಲು ಸರಿಮಾಡಿದೆ.